ಏಣಿಯ ಮೇಲಿದ್ದವರು

ಸೈಗಾನ್ ನಗರದ ಒಂದು ಮಾಳಿಗೆ. ಅದರ ನೆತ್ತಿಯ ಮೇಲೆ ಒಂದು ಹೆಲಿಕಾಪ್ಟರ್. ಅದಕ್ಕೆ ಹತ್ತಲು ಏಣಿಯ ಮೇಲೆ ಒಬ್ಬರ ಬೆನ್ನಿಗೊಬ್ಬರು ನಿಂತ ಜನ. 1975ರ ಏಪ್ರಿಲ್ 29ರಂದು ತೆಗೆದ ಈ ಛಾಯಾಚಿತ್ರವನ್ನು ಎಲ್ಲಿಯೂ ನೋಡದವರು ಕಡಮೆ. ಆಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಅದನ್ನು ಪತ್ರಿಕೆಯಿಂದ ಕತ್ತರಿಸಿ ಹಾಸ್ಟೆಲಿನ ಗೋಡೆಗೆ ಅಂಟಿಸಿದವರಲ್ಲಿ ನಾನೂ ಒಬ್ಬ. ‘ಅಮೆರಿಕದವರು ಕಾಲಿಗೆ ಬುದ್ಧಿ ಹೇಳಿದರು’ ಎಂದು ಗೆಳೆಯನೊಬ್ಬ ಅದರ ಕೆಳಗೆ ಬರೆದ. ಏಣಿಯ ಮೇಲಿದ್ದವರಲ್ಲಿ ಬಹುಮಂದಿ ವಿಯೆಟ್ನಾಮಿನವರೇ ಎಂಬುದು ನಮಗೆ ಹೊಳೆಯಲಿಲ್ಲ. ಹೊಳೆದಿದ್ದರೂ ನಮ್ಮ ಸಂತೋಷಕ್ಕೆ ಅದರಿಂದ ಕುಂದೇನೂ ಬರುತ್ತಿರಲಿಲ್ಲವೆಂದು ಈಗ ತೋರುತ್ತದೆ.

ನಮ್ಮದು ಒಂಟಿ ದನಿಯಾಗಿರಲಿಲ್ಲ. ಕಲ್ಕತ್ತೆಯಲ್ಲಿ ಉತ್ಪಲ್ ದತ್ತರು 1966ರಲ್ಲಿಯೇ ‘ಅಜೇಯ ವಿಯೆಟ್ನಾಂ’ ಎಂಬ ನಾಟಕವನ್ನು ಆಡಿಸಿದ್ದರು. ಅಮೆರಿಕದ ದೂತಾವಾಸವಿದ್ದ ಬೀದಿಗೇ ಹೋ ಚಿ ಮಿನ್‌ರ ಹೆಸರಿಟ್ಟು ಆ ನಗರ ತನ್ನ ಕುಚೋದ್ಯವನ್ನು ಮೆರೆದಿತ್ತು. ಒಟ್ಟಿನಲ್ಲಿ ನಮ್ಮ ಪಾಲಿಗೆ ವಿಯೆಟ್ನಾಮೀಯನೆಂದರೆ ಒಬ್ಬನೇ: ಬಿದಿರುಮೆಳೆಯ ಮರೆಯಲ್ಲಿ ಬಂದೂಕು ಹಿಡಿದು ನಿಂತ ವೀರ. ಇನ್ನೊಂದು ಪಕ್ಷದಲ್ಲಿ ನಿಂತು ಸೋತ ವಿಯೆಟ್ನಾಮೀಯನಿಗೂ ಒಂದು ಮನೆ, ಹೆಂಡತಿ ಮಕ್ಕಳು ಇದ್ದರೆಂಬ ಸಂಗತಿ ನಮ್ಮ ಇತಿಹಾಸದಲ್ಲಿ ಸೇರಿರಲಿಲ್ಲ.

ಇಷ್ಟು ಪೀಠಿಕೆಗೆ ಕಾರಣ, ಈಚೆಗೆ ನಾನು ಓದಿದ ಒಂದು ನಾಟಕ. ಹೆಸರು ‘ವಿಯೆಟ್‌ಗಾನ್’. (ಇಲ್ಲಿ ಗಾನವೆಂದರೆ ಹಾಡಲ್ಲ, ‘ಹೋಯಿತು, ಕಳೆಯಿತು’ ಎಂಬ ಇಂಗ್ಲಿಷ್ ಮಾತು. ನಾಟಕದಲ್ಲಿ ಹಾಡುಗಳೂ ಉಂಟು, ಅದು ಬೇರೆ.) ಬರೆದವರು ಕ್ವಿ ನ್ಯೂಯೆನ್. ಅಮೆರಿಕದ ಆರ್ಕನ್ಸಾ ಪ್ರಾಂತದಲ್ಲಿ ಹುಟ್ಟಿ ಬೆಳೆದ, ನಿರಾಶ್ರಿತ ದಂಪತಿಗಳ ಮಗ. ತನ್ನ ತಂದೆತಾಯಿಗಳು ಹೇಗೆ ಸಂಧಿಸಿದರೆಂಬುದೇ ಕಥಾವಸ್ತು. ಆದರೆ ಆರಂಭದಲ್ಲಿಯೇ ನಾಟಕಕಾರನ ಪಾತ್ರ ರಂಗಕ್ಕೆ ಬಂದು, ಇದು ನನ್ನ ಹೆತ್ತವರ ಕಥೆ ಅಲ್ಲವೇ ಅಲ್ಲ, ದಯಮಾಡಿ ಯಾರೂ ಅವರಿಗೆ ಚಾಡಿ ಹೇಳಬೇಡಿ ಎಂದು ಪ್ರೇಕ್ಷಕರನ್ನು ಬೇಡಿಕೊಳ್ಳುತ್ತದೆ!

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸೈಗಾನ್ ಬಿದ್ದ ಆ ವರ್ಷ ಸುಮಾರು 1,30,000 ನಿರಾಶ್ರಿತರು ಅಮೆರಿಕಕ್ಕೆ ಬಂದರು. ಅವರನ್ನು ಮೊದಲು ಇರಿಸಿದ್ದು ನಾಲ್ಕು ಸೈನಿಕ ಶಿಬಿರಗಳಲ್ಲಿ. ಆರ್ಕನ್ಸಾದ ಫೋರ್ಟ್ ಚಾಫಿ ಒಂದರಲ್ಲಿಯೇ 50,000ಕ್ಕೂ ಹೆಚ್ಚು ಜನ ಹಾದುಹೋದರು. ಸ್ವಾಗತ ಬೆಚ್ಚಗೇನೂ ಇರಲಿಲ್ಲ. ಆ ಮೇ ತಿಂಗಳ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 54 ಮಂದಿ ಇವರು ಬರುವುದು ಬೇಡವೆಂದರು. ಬರಲಿ ಎಂದವರು 36. ನಾಟಕದ ನಾಯಕ ಕ್ವಾಂಗ್ ಹೆಲಿಕಾಪ್ಟರ್ ಹಾರಿಸುವವನು. ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಊರಿನಲ್ಲಿ ಬಿಟ್ಟು ಬಂದಿದ್ದಾನೆ. ಶಿಬಿರದಲ್ಲಿ ಟೋಂಗ್ ಎಂಬವಳ ಪರಿಚಯವಾಗುತ್ತದೆ. ಆದರೂ ಅವನಿಗೆ ಹಿಂದಕ್ಕೆ ಹೋಗಬೇಕು. ಗೆಳೆಯನನ್ನು ಹಿಂದೆ ಕೂಡಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಹೊರಡುತ್ತಾನೆ; ಅಲ್ಲಿಂದ ಗುವಾಮ್ ದ್ವೀಪ, ಗುವಾಮಿನಿಂದ ಮನೆ ಎಂಬುದು ಅವನ ಲೆಕ್ಕ. ಇದು ಬರಿಯ ನಾಟಕದ ಹುಚ್ಚಲ್ಲ. 1975ರ ಅಕ್ಟೋಬರಿನಲ್ಲಿ ಸುಮಾರು 1,500 ಜನ ಹಟ ಹಿಡಿದು ಗುವಾಮಿನಿಂದ ಒಂದು ಹಡಗಿನಲ್ಲಿ ನಿಜವಾಗಿಯೂ ಹಿಂದಿರುಗಿದರು. ಅವರಲ್ಲಿ ಅನೇಕರನ್ನು ಎದುರುಗೊಂಡದ್ದು ಹೆಂಡತಿ ಮಕ್ಕಳಲ್ಲ, ‘ಮರುಶಿಕ್ಷಣ’ದ ಸೆರೆಮನೆ.

ಈ ದುಃಖದ ಕಥೆಯನ್ನು ನ್ಯೂಯೆನ್ ನಗಿಸುತ್ತ ಹೇಳುತ್ತಾರೆ. ಅವರು ಹೂಡಿರುವ ಯುಕ್ತಿ ಸರಳ. ವಿಯೆಟ್ನಾಮೀಯರು ತಮ್ಮ ತಮ್ಮಲ್ಲಿ ಆಡುವ ಮಾತು ರಂಗದಲ್ಲಿ ಚುರುಕಾದ ಇಂಗ್ಲಿಷಾಗಿ ಕೇಳಿಸುತ್ತದೆ. ಅಮೆರಿಕನ್ನರು ಬಾಯಿ ತೆರೆದರೆ ಬರುವುದು ಚೀಸ್‌ಬರ್ಗರ್ ಮುಂತಾದ ತಿಂಡಿಗಳ ಹೆಸರಿನ ಕಲಸುಮೇಲೋಗರ. ನಮ್ಮ ಕಂಪನಿ ನಾಟಕಗಳಲ್ಲಿ ಬಿಳಿಯ ದೊರೆ ಮುರುಕು ಕನ್ನಡ ಆಡಿದರೆ ಜನ ಬಿದ್ದು ಬಿದ್ದು ನಗುತ್ತಿದ್ದರಲ್ಲ, ಅದೇ ಮದ್ದು. ಅಂತರವೆಂದರೆ, ಇಲ್ಲಿ ದೊರೆಗಳ ಜಾತಿಯವರೇ ದುಡ್ಡು ಕೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ.

ಇದರ ಬೆಲೆ ತಿಳಿಯಬೇಕಾದರೆ ‘ಮಿಸ್ ಸೈಗಾನ್’ ಎಂಬ ಭಾರಿ ಸಂಗೀತ ನಾಟಕವನ್ನು ನೆನೆಯಬೇಕು. 1989ರಲ್ಲಿ ಲಂಡನ್ನಿನಲ್ಲಿ ಮೊದಲಾದ ಅದು ನ್ಯೂಯಾರ್ಕಿನಲ್ಲಿ 1991ರಿಂದ ಹತ್ತು ವರ್ಷ ನಡೆಯಿತು. ಅರೆ ವಿಯೆಟ್ನಾಮೀಯನ ಪಾತ್ರವನ್ನು ಜೊನಾಥನ್ ಪ್ರೈಸ್ ಎಂಬ ಬಿಳಿಯ ನಟ ಲಂಡನ್ನಿನಲ್ಲಿ ಕಣ್ಣಿಗೆ ಬಣ್ಣಗಾರಿಕೆ ಮಾಡಿಸಿಕೊಂಡು ವಹಿಸಿದ್ದ. 1990ರಲ್ಲಿ ಅಮೆರಿಕದ ನಟರ ಸಂಘ ಇದು ಕೂಡದೆಂದಿತು. ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಒಳಗೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು, ಹೊರಗೆ ಏಷ್ಯ ಮೂಲದವರು ಫಲಕ ಹಿಡಿದು ನಿಂತಿದ್ದರು. ಅದರ ನಾಯಕಿ ಕೊನೆಗೆ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡು ಪ್ರೇಕ್ಷಕರ ಕರುಣೆಗೆ ಪಾತ್ರಳಾಗುತ್ತಾಳೆ. ನ್ಯೂಯೆನ್ನರ ಟೋಂಗ್‌ಗೆ ಯಾರ ಕರುಣೆಯೂ ಬೇಕಿಲ್ಲ. ಬೈಯುತ್ತಾಳೆ, ಬಯಸುತ್ತಾಳೆ, ತಾಯಿಯೊಡನೆ ಜಗಳವಾಡುತ್ತಾಳೆ. ಕರುಣೆ ತೋರಲೆಂದೇ ಕರವಸ್ತ್ರ ತಂದವರಿಗೆ ಇದೊಂದು ಪೆಟ್ಟು.

2015ರಲ್ಲಿ ಈ ನಾಟಕ ಮೊದಲು ಆದದ್ದು ಕ್ಯಾಲಿಫೋರ್ನಿಯದ ಕೋಸ್ಟಾ ಮೆಸಾದಲ್ಲಿ, ಸೌತ್ ಕೋಸ್ಟ್ ರೆಪರ್ಟರಿ ರಂಗಮಂದಿರದಲ್ಲಿ. ಮರುವರ್ಷ ನ್ಯೂಯಾರ್ಕಿಗೂ ಹೋಯಿತು. ಆದರೆ ಮೊದಲ ಸ್ಥಳವೇ ಮುಖ್ಯ. ಅಲ್ಲಿಂದ ಸ್ವಲ್ಪ ದೂರದಲ್ಲಿ ‘ಲಿಟ್ಲ್ ಸೈಗಾನ್’ ಇದೆ, ನಿರಾಶ್ರಿತರು ಕಟ್ಟಿಕೊಂಡ ಊರು. ಅಲ್ಲಿ ಸೋತ ದೇಶದ ಹಳದಿ ಬಾವುಟ ಇಂದಿಗೂ ಹಾರುತ್ತದೆ. 1999ರಲ್ಲಿ ವಿಡಿಯೋ ಅಂಗಡಿಯವನೊಬ್ಬ ಹೋ ಚಿ ಮಿನ್‌ರ ಪಟವನ್ನು ತೂಗುಹಾಕಿದ್ದಕ್ಕೆ 53 ದಿನ ಪ್ರತಿಭಟನೆ ನಡೆಯಿತು. ಒಂದು ರಾತ್ರಿ ಸುಮಾರು 15,000 ಜನ ಸೇರಿದ್ದರು. ಕಲ್ಕತ್ತೆಯಲ್ಲಿ ಬೀದಿಯ ಹೆಸರಾದ ಮನುಷ್ಯ ಇಲ್ಲಿ ಹೆಸರೆತ್ತಲಾಗದ ಮನುಷ್ಯ. ಅಂಥ ನೆರೆಯಲ್ಲಿ ಈ ಕಥೆಯನ್ನು ನಗೆಯಾಗಿ ಆಡಿ ತೋರಿಸಲು ಎದೆಗಾರಿಕೆ ಬೇಕು.

ಕೊನೆಯ ದೃಶ್ಯದಲ್ಲಿ ನಗೆ ನಿಲ್ಲುತ್ತದೆ. ಕ್ವಾಂಗ್ ಈಗ ಮುದುಕ. ಎದುರಿಗೆ ನಾಟಕಕಾರನಾದ ಮಗ, ಕೈಯಲ್ಲಿ ಪ್ರಶ್ನೆಗಳು. ಇಷ್ಟು ಹೊತ್ತು ಸುಲಲಿತವಾಗಿ ಮಾತಾಡಿದವನು ಮಗನೊಡನೆ ಮಾತ್ರ ಮುರುಕು ಇಂಗ್ಲಿಷ್ ಆಡುತ್ತಾನೆ. ಅಪ್ಪನ ಭಾಷೆ ಮಗನಿಗೆ ಉಳಿದಿಲ್ಲ. ಅಮೆರಿಕ ಆ ಯುದ್ಧಕ್ಕೆ ಹೋಗಬಾರದಿತ್ತು ಎಂಬುದು ಎಲ್ಲ ವಿದ್ಯಾವಂತರಂತೆ ಮಗನಿಗೂ ಒಪ್ಪಿತವಾದ ಮಾತು. ಅಪ್ಪ ಒಪ್ಪುವುದಿಲ್ಲ. ನೀನು ಅಲ್ಲಿರಲಿಲ್ಲ, ಯುದ್ಧವೇ ತಪ್ಪೆಂದರೆ ನನ್ನ ಜೊತೆ ಹೋರಾಡಿ ಸತ್ತವರು ವ್ಯರ್ಥವಾಗಿ ಸತ್ತರೆಂದಾಯಿತಲ್ಲ ಎಂಬ ಧಾಟಿಯಲ್ಲಿ ಉತ್ತರ ಕೊಡುತ್ತಾನೆ. ಈ ಮಾತು ಲಿಟ್ಲ್ ಸೈಗಾನಿನಿಂದ ಬಂದ ಮುದುಕನಿಗೆ ಮನೆಯ ಮಾತು. ಪಕ್ಕದ ಕುರ್ಚಿಯಲ್ಲಿ ಕುಳಿತ, ಹರೆಯದಲ್ಲಿ ಯುದ್ಧ ವಿರೋಧಿಸಿ ಮೆರವಣಿಗೆ ಹೋದ ಅಮೆರಿಕನ್ನನಿಗೆ ಮುಳ್ಳು.

ನನಗೂ ಮುಳ್ಳೇ. ನಾಪಾಮ್ ಸುರಿದದ್ದನ್ನು, ಮೈ ಲಾಯ್ ಹಳ್ಳಿಯ ಕೊಲೆಯನ್ನು ನಾನು ಮರೆಯಲಾರೆ. ಅಂದು ನಾವು ಹಿಡಿದ ಪಕ್ಷ ತಪ್ಪೆಂದು ಇಂದೂ ಹೇಳಲಾರೆ. ಆದರೆ ಕ್ವಾಂಗನ ಎದುರಿಗೆ ನಿಂತು ಅದನ್ನು ಹೇಳುವ ಬಾಯಿ ನನಗಿಲ್ಲ. ಹಾಸ್ಟೆಲಿನ ಹಳೆಯ ಗೆಳೆಯರು ಮೂವರು ಮನೆಗೆ ಬಂದಿದ್ದಾಗ ಆ ದೃಶ್ಯವನ್ನು ಓದಿ ಕನ್ನಡದಲ್ಲಿ ವಿವರಿಸಿದೆ. ಒಬ್ಬ, ‘ಇದು ಅಮೆರಿಕದ ತುತ್ತೂರಿ’ ಎಂದ. ಇನ್ನೊಬ್ಬ ಕಾಫಿ ಲೋಟ ಕೆಳಗಿಟ್ಟು, ‘ಅಪ್ಪ ಮಗನ ಜಗಳ ಕಣೋ, ರಾಜಕೀಯ ಯಾಕೆ ತರ್ತೀಯ’ ಎಂದ. ಮೂರನೆಯವನು ಅಂದು ಪಟದ ಕೆಳಗೆ ಬರೆದವನೇ. ಅವನು ಏನೂ ಹೇಳದೆ ಆ ಛಾಯಾಚಿತ್ರವನ್ನು ಮತ್ತೊಮ್ಮೆ ನೋಡಬೇಕೆಂದ. ಮೊಮ್ಮಗಳು ಕಂಪ್ಯೂಟರಿನಲ್ಲಿ ಹುಡುಕಿ ದೊಡ್ಡದು ಮಾಡಿ ತೋರಿಸಿದಳು. ನಾಲ್ವರೂ ಕನ್ನಡಕ ಸರಿಪಡಿಸಿಕೊಂಡು ಏಣಿಯ ಮೇಲಿದ್ದವರನ್ನು ಎಣಿಸಿದೆವು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು.