ಬೆಟ್ಟವಿಲ್ಲದ ದೇಶದ ಚಿತ್ರಗಳು

ಡೆನ್ಮಾರ್ಕಿನ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಸುಮಾರು 170 ಮೀಟರ್, ಅಷ್ಟೇ. ಹಿಮದ ಶಿಖರ ಇಲ್ಲ, ನೋಡಿದವರ ಎದೆ ನಡುಗಿಸುವ ಕಣಿವೆ ಇಲ್ಲ. ಆದರೂ ಆ ತಗ್ಗು ನೆಲವೇ ಒಂದು ದೇಶದ ಗುರುತಾಯ್ತು. ಅದರ ಹಿಂದೆ ಚಿತ್ರಕಾರರ ಕೈ ದೊಡ್ಡದಿದೆ.

1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆ ಸುರಿಸಿ ಡೇನರ ಹಡಗುಪಡೆಯನ್ನೇ ಎತ್ತಿಕೊಂಡು ಹೋದರು. 1813ರಲ್ಲಿ ಸರ್ಕಾರವೇ ದಿವಾಳಿ. 1814ರಲ್ಲಿ ನಾರ್ವೆ ಸ್ವೀಡನ್ ರಾಜನ ಪಾಲಾಯ್ತು. ನಾರ್ವೆ ಜೊತೆ ಬೆಟ್ಟಗಳೂ ಹೋದವು ನೋಡಿ! ಉಳಿದದ್ದು ಹೊಲ, ಕಾಡು, ಕಡಲ ದಂಡೆ.

ಚಿತ್ರಕಲಾ ಅಕಾಡೆಮಿಯ ಮೇಷ್ಟ್ರು ಎಕರ್ಸ್‌ಬರ್ಗ್ ತಮ್ಮ ಶಿಷ್ಯರಿಗೆ ಕಣ್ಣೆದುರು ಇರೋದನ್ನ ನಿಧಾನವಾಗಿ ನೋಡಿ ಬರೆಯೋದು ಕಲಿಸಿದರು. ಆಮೇಲೆ 1844ರಲ್ಲಿ ಕಲಾ ಇತಿಹಾಸಕಾರ ಹಾಯೆನ್ ಒಂದು ಉಪನ್ಯಾಸದಲ್ಲಿ, ನಮ್ಮ ಕಲೆ ನಮ್ಮ ಜನ, ನಮ್ಮ ನೆಲದಿಂದಲೇ ಬೆಳೆಯಬೇಕು ಎಂದು ವಾದಿಸಿದರು.

ಅದಕ್ಕೂ ಮೊದಲೇ, 1843ರಲ್ಲಿ, ಲುಂಡ್‌ಬೀ ಎಂಬ ಹುಡುಗ 'ಡೆನ್ಮಾರ್ಕಿನ ಒಂದು ಕಡಲತೀರ' ಬರೆದಿದ್ದ. ಎರಡೂವರೆ ಮೀಟರ್ ಅಗಲದ ಚಿತ್ರ. ಕೆಳಗೆ ನಿಂತು ನೋಡಿದ ಹಾಗೆ ಬರೆದಿರೋದ್ರಿಂದ ದಂಡೆಯ ಮಣ್ಣಿನ ದಿಬ್ಬ ಕೋಟೆಯಂತೆ ಕಾಣುತ್ತೆ. ಶಿಲಾಯುಗದ ಕಲ್ಲುಗೋರಿಗಳನ್ನೂ ಅವನು ಬರೆದ. ಈ ನೆಲಕ್ಕೆ ಸಾವಿರಾರು ವರ್ಷದ ನೆನಪಿದೆ ಅನ್ನೋದು ಅದರ ಅರ್ಥ. ಅವನ ಗೆಳೆಯ ಸ್ಕೋವ್‌ಗೋರ್ 1857ರಲ್ಲಿ ಮೇ ತಿಂಗಳ ಬೀಚ್ ಮರಗಳ ಕಾಡು ಬರೆದ. ಎಳೆ ಹಸಿರು ಎಲೆ, ನಡುವೆ ಬಿಸಿಲು. ಇಂಥವನ್ನು ನೋಡಿದ ಡೇನರಿಗೆ, ದೇಶ ಚಿಕ್ಕದಾದರೇನು, ಇದು ನಮ್ಮದು ಅನ್ನಿಸಿತು.

ಆದರೆ 'ನಮ್ಮದು' ಅಂದ್ರೆ ಯಾರದ್ದು? ತೊಡಕು ಇಲ್ಲೇ ಇದೆ. ಡೇನ್ ರಾಜನ ಪ್ರಜೆಗಳಲ್ಲಿ ಜರ್ಮನ್ ಮಾತಾಡುವವರೂ ಬಹಳ ಇದ್ದರು. ಲೂಯಿ ಗುರ್ಲಿಟ್ ಹುಟ್ಟಿದ್ದು ಆಗ ಅದೇ ರಾಜನ ಆಳ್ವಿಕೆಯಲ್ಲಿದ್ದ ಆಲ್ಟೋನಾದಲ್ಲಿ. ಎಕರ್ಸ್‌ಬರ್ಗ್ ಬಳಿ ಕಲಿತು, 1842ರಲ್ಲಿ ಡೆನ್ಮಾರ್ಕಿನ ಪ್ರಸಿದ್ಧ ಮೋನ್ ಸುಣ್ಣದ ಬಂಡೆಗಳನ್ನು ಅದ್ಭುತವಾಗಿ ಬರೆದ. ಮುಂದೆ ಜರ್ಮನಿಗೆ ಹೋದ. ಡೆನ್ಮಾರ್ಕಿನ ನಿಸರ್ಗವನ್ನು ಅಷ್ಟು ಪ್ರೀತಿಯಿಂದ ನೋಡಿದವನು ಡೇನ್ ಕಲೆಯ ಕಥೆಯಲ್ಲಿ ಅಂಚಿಗೆ ಸರಿದ.

1848ರಲ್ಲಿ ಶ್ಲೆಸ್ವಿಗ್‌ಗಾಗಿ ಯುದ್ಧ ಶುರುವಾಯ್ತು. ಲುಂಡ್‌ಬೀ ತಾನಾಗಿಯೇ ಸೈನ್ಯ ಸೇರಿದ. ಯುದ್ಧರಂಗ ಮುಟ್ಟುವ ಮೊದಲೇ, ಏಪ್ರಿಲ್‌ನಲ್ಲಿ, ತನ್ನವರದ್ದೇ ಬಂದೂಕಿನಿಂದ ಅಕಸ್ಮಾತ್ ಹಾರಿದ ಗುಂಡಿಗೆ ಸತ್ತ. ವಯಸ್ಸು 29. 1864ರ ಇನ್ನೊಂದು ಯುದ್ಧದಲ್ಲಿ ಡೆನ್ಮಾರ್ಕ್ ಶ್ಲೆಸ್ವಿಗ್, ಹೋಲ್‌ಸ್ಟೈನ್ ಎರಡನ್ನೂ ಕಳೆದುಕೊಂಡು ಇನ್ನಷ್ಟು ಚಿಕ್ಕದಾಯ್ತು.

ಸೋತ ದೇಶಕ್ಕೆ ಈ ಚಿತ್ರಗಳು ಧೈರ್ಯ ಕೊಟ್ಟವು, ಅದು ಸುಳ್ಳಲ್ಲ. ಆದರೆ ಮರಕ್ಕೆ, ಮಣ್ಣಿಗೆ ಭಾಷೆ ಇರೋದಿಲ್ಲ. ಅದನ್ನು ಇಂಥವರದ್ದೇ ಅಂತ ಬರೆಯೋದು ಮನುಷ್ಯರು. ಹಾಗೆ ಬರೆಯುವಾಗ ಯಾರನ್ನು ಚೌಕಟ್ಟಿನ ಹೊರಗೆ ಬಿಟ್ಟರು ಅನ್ನೋದನ್ನೂ ಚಿತ್ರದ ಜೊತೆಗೇ ನೋಡಬೇಕು.