ಮ್ಯಾಕ್‌ಗ್ರೆಗರ್: ಕಾನೂನಿಗೂ ಅಳಿಸಲಾಗದ ಕುಲನಾಮ

ಒಂದು ಹೆಸರನ್ನು ಇಟ್ಟುಕೊಂಡಿದ್ದಾನೆ ಎಂಬ ಕಾರಣಕ್ಕೇ ಮನುಷ್ಯನಿಗೆ ಮರಣದಂಡನೆ ವಿಧಿಸಬಹುದಾದ ಶಾಸನವೊಂದು ಸ್ಕಾಟ್ಲೆಂಡಿನಲ್ಲಿ ಜಾರಿಯಲ್ಲಿತ್ತು. ಆ ಹೆಸರು ಮ್ಯಾಕ್‌ಗ್ರೆಗರ್. 1603ರಲ್ಲಿ ನಿಷೇಧಕ್ಕೊಳಗಾದ ಈ ಕುಲನಾಮವು ನಡುವಿನ ಮೂರು ದಶಕಗಳ ಬಿಡುವನ್ನು ಹೊರತುಪಡಿಸಿ 1774ರವರೆಗೂ ಕಾನೂನಿನ ದೃಷ್ಟಿಯಲ್ಲಿ ಅಪರಾಧವಾಗಿಯೇ ಉಳಿದಿತ್ತು. ಇಂದು ಅದೇ ಹೆಸರು ಸ್ಕಾಟ್ಲೆಂಡಿನಲ್ಲಿ ಮಾತ್ರವಲ್ಲದೆ ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್‌ಗಳಲ್ಲೂ ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಈ ಕುಲದವರು ಎಲ್ಲೆಲ್ಲಿ ಇದ್ದಾರೆಂದು ಹೆಸರೊಂದನ್ನೇ ನೋಡಿ ಹೇಳಲಾಗದು. ನಿಷೇಧದ ಕಾಲದಲ್ಲಿ ಬೇರೆ ಹೆಸರು ತಳೆದು ಹಾಗೆಯೇ ಉಳಿದುಬಿಟ್ಟವರ ಸಂತತಿಯೂ ಸಾಕಷ್ಟಿದೆ.

ಹೆಸರಿನ ಅರ್ಥ

ಸ್ಕಾಟ್ಲೆಂಡಿನ ಉತ್ತರ ಮತ್ತು ಪಶ್ಚಿಮದ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್ಸ್‌ನ ಮೂಲಭಾಷೆ ಗೇಲಿಕ್. ಈ ಭಾಷೆಯಲ್ಲಿ 'ಮ್ಯಾಕ್' ಎಂದರೆ ಮಗ. ಹಾಗಾಗಿ ಮ್ಯಾಕ್‌ಗ್ರೆಗರ್ ಎಂದರೆ 'ಗ್ರೆಗರನ ಮಗ'. ಗೇಲಿಕ್ ಪದ್ಧತಿಯಲ್ಲಿ ಹೆಣ್ಣುಮಕ್ಕಳ ಹೆಸರಿಗೆ 'ಮ್ಯಾಕ್' ಬದಲು 'ನಿಕ್' ಸೇರುತ್ತದೆ. ಇಂಗ್ಲಿಷಿನಲ್ಲಿ ಈ ಭೇದ ಮರೆಯಾಗಿ, ಗಂಡು ಹೆಣ್ಣೆನ್ನದೆ ಎಲ್ಲರಿಗೂ ಒಂದೇ ರೂಪ ಉಳಿದಿದೆ.

ಗ್ರೆಗರ್ ಎಂಬುದು ಗ್ರೆಗರಿ ಎಂಬ ಕ್ರೈಸ್ತ ನಾಮದ ಸ್ಕಾಟಿಷ್ ರೂಪ. ಅದರ ಮೂಲ ಗ್ರೀಕ್ ಭಾಷೆಯ 'ಗ್ರೆಗೋರಿಯೋಸ್', ಅಂದರೆ ಎಚ್ಚರವಾಗಿರುವವನು, ಜಾಗರೂಕ. ಕನ್ನಡಿಗರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. 'ಎಚ್ಚರಗೊಳ್ಳು' ಎಂಬರ್ಥದ ಈ ಗ್ರೀಕ್ ಧಾತುವೂ ಸಂಸ್ಕೃತದ 'ಜಾಗೃ' ಧಾತುವೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಒಡೆದವು. ನಾವು ಶಿವರಾತ್ರಿಯಂದು ಮಾಡುವ ಜಾಗರಣೆಗೂ ಗ್ರೆಗರ್ ಎಂಬ ಹೆಸರಿಗೂ ಭಾಷಾಶಾಸ್ತ್ರದ ನೆಲೆಯಲ್ಲಿ ನಂಟುಂಟು. ಕ್ರಿ.ಶ. 590ರಿಂದ 604ರವರೆಗೆ ಪೋಪ್ ಪದವಿಯಲ್ಲಿದ್ದ ಒಂದನೆಯ ಗ್ರೆಗರಿಯ ಖ್ಯಾತಿಯಿಂದಾಗಿ ಈ ಹೆಸರು ಯುರೋಪಿನಾದ್ಯಂತ ಪ್ರಚಾರಕ್ಕೆ ಬಂದಿತು.

ಈ ಹೆಸರನ್ನು 'ಮ್ಯಾಕ್' ಎಂದೂ 'ಮೆಕ್' ಎಂದೂ ಎರಡು ಬಗೆಯಲ್ಲಿ ಬರೆಯುವ ರೂಢಿಯಿದೆ. ಮೊದಲನೆಯದು ಸ್ಕಾಟ್ಲೆಂಡಿನದು, ಎರಡನೆಯದು ಐರ್ಲೆಂಡಿನದು ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. 'ಮೆಕ್' ಎಂಬುದು ಬರವಣಿಗೆಯ ಸಂಕ್ಷೇಪವಷ್ಟೆ. ಸ್ಕಾಟ್ಲೆಂಡಿನ ಪರ್ತ್ ನಗರದಲ್ಲಿ 1971ರಲ್ಲಿ ಜನಿಸಿದ ಚಲನಚಿತ್ರ ನಟ ಯೂವನ್ ಮೆಕ್‌ಗ್ರೆಗರ್ ಅವರ ಹೆಸರು ಸಂಕ್ಷೇಪ ರೂಪದಲ್ಲೇ ಇದೆ.

ಕಣಿವೆಗಳ ಕುಲ

ಹೈಲ್ಯಾಂಡ್ಸ್‌ನ ಸಮಾಜವು 'ಕ್ಲಾನ್' ಎಂದು ಕರೆಯಲಾಗುವ ಕುಲಗಳಾಗಿ ವಿಭಜನೆಗೊಂಡಿತ್ತು. ಪ್ರತಿಯೊಂದು ಕುಲಕ್ಕೂ ಒಬ್ಬ ಮುಖ್ಯಸ್ಥನಿರುತ್ತಿದ್ದ. ಒಂದೇ ಕುಲನಾಮದವರೆಲ್ಲರೂ ರಕ್ತಸಂಬಂಧಿಗಳೇ ಆಗಿರಬೇಕೆಂದೇನೂ ಇರಲಿಲ್ಲ. ಮುಖ್ಯಸ್ಥನ ಆಶ್ರಯದಲ್ಲಿ ಬಾಳಿದವರೂ ಅವನ ಹೆಸರನ್ನು ಧರಿಸುವುದುಂಟು.

ಮ್ಯಾಕ್‌ಗ್ರೆಗರ್ ಕುಲದವರು ತಮ್ಮನ್ನು 9ನೆಯ ಶತಮಾನದ ಆಲ್ಪಿನ್ ರಾಜವಂಶದ ಕುಡಿಗಳೆಂದು ಹೇಳಿಕೊಳ್ಳುತ್ತಾರೆ. ತಮ್ಮದು ರಾಜರ ಸಂತತಿ ಎಂಬುದೇ ಅವರ ಧ್ಯೇಯವಾಕ್ಯದ ಅರ್ಥ. ಆದರೆ ಆ ಕಾಲದ ಯಾವ ದಾಖಲೆಯೂ ಇದಕ್ಕೆ ಆಧಾರ ಒದಗಿಸುವುದಿಲ್ಲ. ಕುಲಕ್ಕೆ ಹೆಸರು ಕೊಟ್ಟವನು 14ನೆಯ ಶತಮಾನದಲ್ಲಿದ್ದ, 'ಚಿನ್ನದ ಕಡಿವಾಣದ ಗ್ರೆಗರ್' ಎಂಬ ಬಿರುದಿನ ನಾಯಕನೆಂದು ಪರಿಗಣಿಸಲಾಗಿದೆ.

ಗ್ಲೆನ್‌ಆರ್ಕಿ, ಗ್ಲೆನ್‌ಸ್ಟ್ರೇ ಮತ್ತು ಗ್ಲೆನ್ ಲಾಯನ್ ಕಣಿವೆಗಳು ಇವರ ನೆಲೆಗಳು. 'ಗ್ಲೆನ್' ಎಂದರೆ ಕಣಿವೆ. ಇವರ ಭೂಮಿಯ ಹಕ್ಕು ತಲೆತಲಾಂತರದ ಅನುಭೋಗವನ್ನು ಅವಲಂಬಿಸಿತ್ತೇ ವಿನಾ ಬಹುಪಾಲು ಭೂಮಿಗೆ ರಾಜಮುದ್ರೆಯ ಪತ್ರಗಳಿರಲಿಲ್ಲ. ನೆರೆಯ ಕ್ಯಾಂಬೆಲ್ ಕುಲದವರು ಕಾನೂನು ಬಲ್ಲವರು, ಅರಮನೆಗೆ ಹತ್ತಿರದವರು. ಅವರು ಪತ್ರಗಳ ಬಲದಿಂದ ಕಣಿವೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡರು. ಸ್ವಂತ ನೆಲದಲ್ಲೇ ಗೇಣಿದಾರರಾದ ಮ್ಯಾಕ್‌ಗ್ರೆಗರರು ಕ್ರಮೇಣ ದನಕಳ್ಳತನಕ್ಕೂ ಸುಲಿಗೆಗೂ ಇಳಿದರು. ಮುಂದಿನ ದುರಂತಕ್ಕೆ ಬೀಜ ಬಿದ್ದುದು ಇಲ್ಲಿಯೇ.

ಎರಡು ಕುಲಗಳ ನಡುವೆ ಮದುವೆ ಸಂಬಂಧಗಳೂ ಇದ್ದವು, ಕೊಲೆಗಳೂ ನಡೆದವು. ಮುಖ್ಯಸ್ಥನಾಗಿದ್ದ ಗ್ರೆಗರ್ ರಾಯ್ ಎಂಬವನನ್ನು 1570ರಲ್ಲಿ ಕ್ಯಾಂಬೆಲ್‌ಗಳು ಶಿರಚ್ಛೇದ ಮಾಡಿದರು. ಅವನ ಹೆಂಡತಿ ಕ್ಯಾಂಬೆಲ್ ಕುಲದ ಮಗಳು. ತವರಿನವರೇ ಕೊಂದ ಗಂಡನಿಗಾಗಿ ಆಕೆ ಕಟ್ಟಿದಳೆನ್ನಲಾದ ಶೋಕಗೀತೆಯು ಲಾಲಿಹಾಡಿನ ರೂಪದಲ್ಲಿ ಗೇಲಿಕ್ ಭಾಷಿಕರ ನಡುವೆ ಇಂದಿಗೂ ಹಾಡಲ್ಪಡುತ್ತಿದೆ.

ಈ ಕುಲವನ್ನು ಕೇವಲ ದರೋಡೆಕೋರರ ಗುಂಪೆಂದು ತಿಳಿಯುವುದು ತಪ್ಪಾದೀತು. 16ನೆಯ ಶತಮಾನದ ಪೂರ್ವಾರ್ಧದಲ್ಲಿ ಗೇಲಿಕ್ ಕಾವ್ಯದ ಅಮೂಲ್ಯ ಹಸ್ತಪ್ರತಿಯನ್ನು ಸಿದ್ಧಪಡಿಸಿದ ಲಿಸ್ಮೋರಿನ ಪಾದ್ರಿ ಜೇಮ್ಸ್ ಮ್ಯಾಕ್‌ಗ್ರೆಗರ್ ಇದೇ ಕುಲದವನು. 'ಲಿಸ್ಮೋರ್ ಡೀನನ ಪುಸ್ತಕ' ಎಂದು ಹೆಸರಾದ ಆ ಸಂಕಲನವಿಲ್ಲದಿದ್ದರೆ ಎಷ್ಟೋ ಹಳೆಯ ಪದ್ಯಗಳು ನಮಗೆ ಲಭ್ಯವಾಗುತ್ತಿರಲಿಲ್ಲ.

1603ರ ನಿಷೇಧ

1603ರ ಫೆಬ್ರುವರಿಯಲ್ಲಿ ಲೋಮಂಡ್ ಸರೋವರದ ಸಮೀಪದ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಮ್ಯಾಕ್‌ಗ್ರೆಗರರು ಕಹೂನ್ ಕುಲದವರ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಕಹೂನ್ ಮುಖ್ಯಸ್ಥನು ರಾಜನ ಅಪ್ಪಣೆ ಪಡೆದು ಹೋರಾಡಿದ್ದವನು. ದೊರೆ ಆರನೆಯ ಜೇಮ್ಸ್ ಆಗ ಇಂಗ್ಲೆಂಡಿನ ಸಿಂಹಾಸನವನ್ನೂ ಏರಲು ಲಂಡನ್ನಿಗೆ ಹೊರಟು ನಿಂತಿದ್ದ. ಆತ ಪ್ರಯಾಣ ಬೆಳೆಸುವ ಮುನ್ನ, ಏಪ್ರಿಲ್ 3ರಂದು, ರಾಜಮಂಡಳಿಯು ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ರದ್ದುಗೊಳಿಸಿತು.

ಆ ಹೆಸರುಳ್ಳವರೆಲ್ಲರೂ ಬೇರೆ ಹೆಸರು ತಳೆಯಬೇಕು, ತಪ್ಪಿದರೆ ಮರಣದಂಡನೆ ಎಂಬುದು ಆಜ್ಞೆಯ ಸಾರ. ಆಮೇಲಿನ ಆದೇಶಗಳು ಇನ್ನೂ ಕಠಿಣವಾದವು. ಮಾಂಸ ಕತ್ತರಿಸುವ ಮೊನೆಯಿಲ್ಲದ ಚಾಕುವಿನ ಹೊರತು ಬೇರೆ ಆಯುಧ ಇಟ್ಟುಕೊಳ್ಳಬಾರದು, ನಾಲ್ವರಿಗಿಂತ ಹೆಚ್ಚು ಮಂದಿ ಒಂದೆಡೆ ಸೇರಬಾರದು ಎಂದು ವಿಧಿಸಲಾಯಿತು. 1633ರ ಶಾಸನವಂತೂ ಗಂಡುಮಗುವಿಗೆ ಗ್ರೆಗರ್ ಎಂದು ನಾಮಕರಣ ಮಾಡಿದ ಪಾದ್ರಿಯನ್ನು ಪದಚ್ಯುತಗೊಳಿಸಲು ಅವಕಾಶ ನೀಡಿತು.

ಕುಲದ ಮುಖ್ಯಸ್ಥ ಗ್ಲೆನ್‌ಸ್ಟ್ರೇಯ ಅಲಸ್ಟೇರ್‌ನನ್ನು ಸುರಕ್ಷಿತವಾಗಿ ಇಂಗ್ಲೆಂಡಿಗೆ ತಲುಪಿಸುವುದಾಗಿ ಆರ್ಗೈಲ್‌ನ ಅರ್ಲ್ ವಚನವಿತ್ತಿದ್ದ. ಈ ಅರ್ಲ್ ಕೂಡ ಕ್ಯಾಂಬೆಲ್ ಕುಲದವನೇ. ವಚನದಂತೆ ಅಲಸ್ಟೇರ್‌ನನ್ನು ಗಡಿ ದಾಟಿಸಲಾಯಿತು. ಅಲ್ಲಿಂದಲೇ ಮರಳಿ ಎಡಿನ್‌ಬರೋಗೆ ಎಳೆತರಲಾಯಿತು. 1604ರ ಜನವರಿಯಲ್ಲಿ ಸಂಗಡಿಗರೊಂದಿಗೆ ಅವನನ್ನು ಗಲ್ಲಿಗೇರಿಸಲಾಯಿತು. ಮಾತು ತಪ್ಪಿಲ್ಲವೆಂದು ತೋರಿಸಿಕೊಂಡೇ ವಚನಭಂಗ ಮಾಡಿದ ಪ್ರಸಂಗವಾಗಿ ಇದು ಸ್ಕಾಟಿಷ್ ಚರಿತ್ರೆಯಲ್ಲಿ ಉಳಿದುಕೊಂಡಿದೆ.

ಬದಲಾದ ಹೆಸರುಗಳು

ಜೀವ ಉಳಿಸಿಕೊಳ್ಳಲು ಹೆಸರು ಬಿಟ್ಟವರು ತಮಗೆ ಆಶ್ರಯವಿತ್ತ ಜಮೀನ್ದಾರರ ಹೆಸರನ್ನೋ ತಾಯಿಯ ಮನೆತನದ ಹೆಸರನ್ನೋ ಹಿಡಿದರು. ಮರ್ರೆ, ಡ್ರಮಂಡ್, ಗ್ರಹಾಂ, ಸ್ಟುವರ್ಟ್, ಗ್ರಾಂಟ್ ಎಂಬಿವು ಹೀಗೆ ಸ್ವೀಕರಿಸಿದ ಹೆಸರುಗಳಲ್ಲಿ ಕೆಲವು. ಬದ್ಧವೈರಿಗಳ ಹೆಸರಾದ ಕ್ಯಾಂಬೆಲ್ ಕೂಡ ಈ ಪಟ್ಟಿಯಲ್ಲಿರುವುದು ವಿಧಿಯ ವಿಪರ್ಯಾಸ. ಇನ್ನು ಕೆಲವರು ಗ್ರೆಗರ್, ಗ್ರೆಗರಿ, ಗ್ರೇಗ್ ಮುಂತಾದ ರೂಪಗಳಲ್ಲಿ ಹಳೆಯ ಹೆಸರಿನ ದನಿಯನ್ನಾದರೂ ಉಳಿಸಿಕೊಂಡರು.

1661ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು, ಅಂತರ್ಯುದ್ಧದ ಕಾಲದಲ್ಲಿ ರಾಜಪಕ್ಷಕ್ಕೆ ಈ ಕುಲದವರು ಸಲ್ಲಿಸಿದ ಸೇವೆಯನ್ನು ಮನ್ನಿಸಿ ನಿಷೇಧವನ್ನು ತೆರವುಗೊಳಿಸಿದ. ಆದರೆ 1693ರಲ್ಲಿ ವಿಲಿಯಂ ದೊರೆಯ ಆಳ್ವಿಕೆಯಲ್ಲಿ ಅದು ಮತ್ತೆ ಜಾರಿಗೆ ಬಂದಿತು. ಈ ಏರಿಳಿತವನ್ನು ಒಂದೇ ಜೀವಿತಾವಧಿಯಲ್ಲಿ ಕಂಡವನು ಕುಲದ ಅತ್ಯಂತ ಪ್ರಸಿದ್ಧ ವ್ಯಕ್ತಿ ರಾಬ್ ರಾಯ್. 1671ರಲ್ಲಿ ಅವನು ಜನಿಸಿದಾಗ ಮ್ಯಾಕ್‌ಗ್ರೆಗರ್ ಎಂಬುದು ಸಕ್ರಮ ಹೆಸರು. ಪ್ರಾಯಕ್ಕೆ ಬರುವಷ್ಟರಲ್ಲಿ ಅದು ಪುನಃ ಅಕ್ರಮವಾಗಿ, ತಾಯಿಯ ಕಡೆಯ ಕ್ಯಾಂಬೆಲ್ ಹೆಸರಿನಲ್ಲಿ ಸಹಿ ಮಾಡಬೇಕಾಯಿತು. 1734ರಲ್ಲಿ ಅವನು ತೀರಿಕೊಂಡಾಗಲೂ ನಿಷೇಧ ಮುಂದುವರಿದಿತ್ತು. 1817ರ ಕೊನೆಯಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟ್‌ನ 'ರಾಬ್ ರಾಯ್' ಕಾದಂಬರಿಯು ಅವನನ್ನೂ ಅವನ ಕುಲವನ್ನೂ ಲೋಕವಿಖ್ಯಾತಗೊಳಿಸಿತು.

ಅಬರ್ಡೀನ್ ಪ್ರಾಂತದ ಗ್ರೆಗರಿ ಮನೆತನವು ತಾನು ಮ್ಯಾಕ್‌ಗ್ರೆಗರ್ ಕುಲದ ಶಾಖೆಯೆಂದು ಹೇಳಿಕೊಂಡಿತ್ತು. ಆ ಮನೆತನದ ಗಣಿತಜ್ಞ ಜೇಮ್ಸ್ ಗ್ರೆಗರಿಯು (1638–1675) 1671ರಲ್ಲಿ ಕಂಡುಕೊಂಡ ಶ್ರೇಢಿಯು ಯುರೋಪಿನಲ್ಲಿ 'ಗ್ರೆಗರಿ ಶ್ರೇಢಿ' ಎನಿಸಿಕೊಂಡಿತು. ಅದನ್ನು ಎರಡು ಶತಮಾನಗಳಿಗೂ ಮುಂಚೆಯೇ ಕೇರಳದ ಸಂಗಮಗ್ರಾಮದ ಮಾಧವನು ಅರಿತಿದ್ದನಾದುದರಿಂದ ಈಗ ಅದನ್ನು ಮಾಧವ-ಗ್ರೆಗರಿ ಶ್ರೇಢಿ ಎಂದು ಕರೆಯುವುದುಂಟು. ಇದೇ ಮನೆತನದ ಪ್ರಾಧ್ಯಾಪಕನೊಬ್ಬನ ಮನೆಗೆ ಬಂದಿದ್ದ ರಾಬ್ ರಾಯ್, ಅವನ ಎಳೆಯ ಮಗನನ್ನು ಪುಸ್ತಕಗಳಿಂದ ಬಿಡಿಸಿ ಹೈಲ್ಯಾಂಡ್ಸ್‌ಗೆ ಕರೆದೊಯ್ದು ಗಂಡಸನ್ನಾಗಿ ಮಾಡುತ್ತೇನೆಂದನೆಂದೂ, ಬಂಧುವಿನ ಈ ಔದಾರ್ಯದಿಂದ ಪಾರಾಗಲು ಪ್ರಾಧ್ಯಾಪಕ ಪರದಾಡಿದನೆಂದೂ ಸ್ಕಾಟ್ ಬರೆದಿದ್ದಾನೆ.

ಗ್ರೇಗ್ ಎಂಬುದೂ ಗ್ರೆಗರ್‌ನಿಂದಲೇ ಬಂದ ರೂಪ. ನಾರ್ವೆಯ ಸಂಗೀತ ಸಂಯೋಜಕ ಎಡ್ವರ್ಡ್ ಗ್ರೀಗ್‌ನ ಮುತ್ತಜ್ಜ ಸ್ಕಾಟ್ಲೆಂಡಿನಿಂದ ವಲಸೆ ಹೋದ ಗ್ರೇಗ್. ಬೆಂಗಳೂರಿನ ಕ್ರಿಕೆಟ್ ಪ್ರೇಮಿಗಳಿಗೆ ಈ ಹೆಸರು ಹಳೆಯ ಪರಿಚಯ. 1976-77ರಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಿ ಭಾರತಕ್ಕೆ ಬಂದಿದ್ದ ಟೋನಿ ಗ್ರೇಗ್ ದಕ್ಷಿಣ ಆಫ್ರಿಕಾದಲ್ಲಿ ಜನಿಸಿದವರಾದರೂ ಅವರ ತಂದೆ ಸ್ಕಾಟ್ಲೆಂಡಿನವರು. ಮೊದಲ ಮೂರು ಟೆಸ್ಟ್‌ಗಳನ್ನು ಗೆದ್ದಿದ್ದ ಅವರ ತಂಡವನ್ನು ಭಾರತ ಮಣಿಸಿದ್ದು ಬೆಂಗಳೂರಿನ ನಾಲ್ಕನೆಯ ಟೆಸ್ಟ್‌ನಲ್ಲಿ.

ಹೆಸರು ಮರಳಿದ ಬಗೆ

1774ರಲ್ಲಿ ಬ್ರಿಟಿಷ್ ಸಂಸತ್ತು ನಿಷೇಧವನ್ನು ಅಂತಿಮವಾಗಿ ರದ್ದುಪಡಿಸಿತು. ಬಳಿಕ 826 ಮಂದಿ ಕುಲಬಾಂಧವರು ಸಹಿ ಹಾಕಿ ಲ್ಯಾನ್ರಿಕ್‌ನ ಜಾನ್ ಮರ್ರೆಯನ್ನು ತಮ್ಮ ಮುಖ್ಯಸ್ಥನೆಂದು ಅಂಗೀಕರಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಈತ ಹುಟ್ಟಿನಿಂದ ಮ್ಯಾಕ್‌ಗ್ರೆಗರ್ ಆಗಿದ್ದರೂ ಮರ್ರೆ ಎಂಬ ಹೆಸರಿನಲ್ಲೇ ಬದುಕಿದ್ದ. ಈತನ ಮಗ ಇವಾನ್ ಕೂಡ ಭಾರತದಲ್ಲಿ ಸೈನಿಕನಾಗಿದ್ದು, 1818ರಲ್ಲಿ ಖಾನದೇಶದ ಥಾಳ್ನೇರ್ ಕೋಟೆಯ ಮುತ್ತಿಗೆಯಲ್ಲಿ ತೀವ್ರವಾಗಿ ಗಾಯಗೊಂಡ. 1822ರಲ್ಲಿ ರಾಜಾನುಮತಿಯೊಂದಿಗೆ ಈ ಮನೆತನವು ಮ್ಯಾಕ್‌ಗ್ರೆಗರ್ ಹೆಸರನ್ನು ಮರಳಿ ಧರಿಸಿತು. ಅದೇ ವರ್ಷ ಸ್ಥಾಪನೆಯಾದ ಕ್ಲಾನ್ ಗ್ರೆಗರ್ ಸೊಸೈಟಿಯು ಇಂದಿಗೂ ಕಾರ್ಯನಿರತವಾಗಿದೆ.

ಆದರೆ ಎಲ್ಲರೂ ಹಳೆಯ ಹೆಸರಿಗೆ ಹಿಂದಿರುಗಲಿಲ್ಲ. ಐದಾರು ತಲೆಮಾರು ಕಳೆದ ಮೇಲೆ ಮರ್ರೆ, ಡ್ರಮಂಡ್ ಎಂಬಿವೇ ಸ್ವಂತ ಹೆಸರುಗಳಾಗಿಬಿಟ್ಟಿದ್ದವು.

ಇಂದಿನ ವ್ಯಾಪ್ತಿ

ಪರ್ತ್‌ಶೈರ್, ಸ್ಟರ್ಲಿಂಗ್ ಹಾಗೂ ಆರ್ಗೈಲ್ ಪ್ರಾಂತಗಳು ಈ ಹೆಸರಿನ ಸಾಂಪ್ರದಾಯಿಕ ನೆಲೆಗಳು. 18 ಮತ್ತು 19ನೆಯ ಶತಮಾನಗಳಲ್ಲಿ ಕುರಿಸಾಕಣೆಗಾಗಿ ಜಮೀನ್ದಾರರು ರೈತರನ್ನು ಒಕ್ಕಲೆಬ್ಬಿಸಿದಾಗ ಹೈಲ್ಯಾಂಡ್ಸ್‌ನ ಅಸಂಖ್ಯ ಕುಟುಂಬಗಳು ಗ್ಲಾಸ್ಗೋದಂತಹ ಕೈಗಾರಿಕಾ ನಗರಗಳಿಗೂ ಸಾಗರದಾಚೆಗೂ ತೆರಳಿದವು. ಮ್ಯಾಕ್‌ಗ್ರೆಗರ್ ಹೆಸರು ಕೆನಡಾದ ನೋವಾ ಸ್ಕೋಷಿಯಾ ಮತ್ತು ಒಂಟಾರಿಯೊ, ಅಮೆರಿಕ, ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ತಲುಪಿದ್ದು ಹೀಗೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡದಲ್ಲೂ ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತದಲ್ಲೂ ಮೆಕ್‌ಗ್ರೆಗರ್ ಎಂಬ ಪಟ್ಟಣಗಳಿವೆ.

ಹೆಸರು ಗಳಿಸಿದವರಲ್ಲಿ ವೈವಿಧ್ಯವಿದೆ. ನಿರ್ವಹಣಾಶಾಸ್ತ್ರದ ವಿದ್ಯಾರ್ಥಿಗಳು ಓದುವ 'ಎಕ್ಸ್ ಮತ್ತು ವೈ ಸಿದ್ಧಾಂತ'ಗಳನ್ನು 1960ರಲ್ಲಿ ಮಂಡಿಸಿದವರು ಅಮೆರಿಕದ ಡಗ್ಲಾಸ್ ಮೆಕ್‌ಗ್ರೆಗರ್. 2002ರಿಂದ 2015ರವರೆಗೆ ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕರಾಗಿದ್ದವರು ನೀಲ್ ಮ್ಯಾಕ್‌ಗ್ರೆಗರ್. 1820ರ ದಶಕದಲ್ಲಿ ಮಧ್ಯ ಅಮೆರಿಕದಲ್ಲಿ 'ಪೋಯಾಯಿಸ್' ಎಂಬ ಇಲ್ಲದ ದೇಶವನ್ನು ಸೃಷ್ಟಿಸಿ, ಅದರ ಭೂಮಿಯನ್ನೂ ಸಾಲಪತ್ರಗಳನ್ನೂ ಮಾರಿದ ವಂಚಕ ಗ್ರೆಗರ್ ಮ್ಯಾಕ್‌ಗ್ರೆಗರ್ ಕೂಡ ಇದೇ ಕುಲದವನು. ಅವನನ್ನು ನಂಬಿ ಹಡಗು ಹತ್ತಿದವರಲ್ಲಿ ಅನೇಕರು ಕಾಡಿನಲ್ಲಿ ಜ್ವರಕ್ಕೆ ಬಲಿಯಾದರು.

ಹೆಸರು ಮತ್ತು ವಂಶ

ಕಳೆದ ಎರಡು ದಶಕಗಳಲ್ಲಿ ಈ ಚರಿತ್ರೆಗೆ ವಿಜ್ಞಾನದ ಸಾಕ್ಷ್ಯವೂ ಒದಗಿದೆ. ತಂದೆಯಿಂದ ಮಗನಿಗೆ ಮಾತ್ರ ಸಾಗುವ ವೈ ವರ್ಣತಂತುವಿನ ಡಿಎನ್‌ಎ ಪರೀಕ್ಷೆಗಳಲ್ಲಿ, ಮ್ಯಾಕ್‌ಗ್ರೆಗರ್ ಹೆಸರಿನ ಅನೇಕರು ಒಂದೇ ಪುರುಷ ವಂಶಾವಳಿಗೆ ಸೇರಿದವರೆಂದು ಕಂಡುಬಂದಿದೆ. ಅದೇ ವಂಶದ ಗುರುತು ಬೇರೆ ಕುಲನಾಮದ ಕೆಲವರಲ್ಲೂ ದೊರೆತಿದೆ. ಹಾಗೆಯೇ ಮ್ಯಾಕ್‌ಗ್ರೆಗರ್ ಎಂಬ ಹೆಸರಿದ್ದೂ ಆ ವಂಶಕ್ಕೆ ಸೇರದವರೂ ಇದ್ದಾರೆ. ಹೀಗಾಗಿ ಮರ್ರೆ ಅಥವಾ ಗ್ರಹಾಂ ಎಂಬ ಹೆಸರಿದ್ದ ಮಾತ್ರಕ್ಕೆ ತಾನು ರಾಬ್ ರಾಯ್‌ನ ಬಂಧುವೆಂದು ಭಾವಿಸುವುದು ಆತುರವಾದೀತು. ಹಳೆಯ ಚರ್ಚ್ ದಾಖಲೆ, ಗೇಣಿ ಪತ್ರ ಮತ್ತು ವರ್ಣತಂತು ಪರೀಕ್ಷೆ ಒಂದಕ್ಕೊಂದು ತಾಳೆಯಾದಾಗಲೇ ಅಂತಹ ನಂಟಿಗೆ ಬೆಲೆ.

ಬಾಲ್‌ವಿಡರ್ ಗ್ರಾಮದ ಚರ್ಚಿನ ಅಂಗಳದಲ್ಲಿ ರಾಬ್ ರಾಯ್‌ನ ಸಮಾಧಿಯಿದೆ. ಕಾನೂನಿನ ಕಣ್ಣಿಗೆ ಆ ಹೆಸರೇ ಇಲ್ಲದಿದ್ದ ಕಾಲದಲ್ಲಿ ಮಣ್ಣಾದವನ ಸಮಾಧಿಯ ಮೇಲೆ ಇಂದು, ಯಾರು ಏನೇ ಮಾಡಿದರೂ ತಾನು ಮ್ಯಾಕ್‌ಗ್ರೆಗರನೇ ಎಂಬ ಅರ್ಥದ ಬರಹವನ್ನು ಕಾಣಬಹುದು.