ತಳವಾರನಿಂದ ಕ್ಯಾಮರಾದ ತನಕ

ಊರ ಕಾವಲು ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುವವನು ತಳವಾರ. ಹನ್ನೆರಡು ಆಯಗಾರರಲ್ಲಿ ಅವನೂ ಒಬ್ಬ. ರಾತ್ರಿ ಗಸ್ತು ತಿರುಗುವುದು, ಊರಿಗೆ ಬಂದ ಅಪರಿಚಿತನನ್ನು ವಿಚಾರಿಸುವುದು, ಕಳವಾದರೆ ಹೆಜ್ಜೆಯ ಜಾಡು ಹಿಡಿದು ಹೋಗುವುದು ಅವನ ಕೆಲಸ. ಸಂಬಳವೆಂದರೆ ಸುಗ್ಗಿಯ ಕಾಳು, ಒಂದಿಷ್ಟು ಇನಾಮು ಹೊಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಆ ಕೆಲಸಗಳೆಲ್ಲ ಹೋದವು. ‘ತಳವಾರ’ ಎಂಬುದು ಅಡ್ಡಹೆಸರಾಗಿ ಉಳಿಯಿತು.

ನಾನು ಬದುಕು ಕಟ್ಟಿಕೊಂಡ ಈ ಮುಂಬಯಿಯ ಕಾವಲಿನ ಚರಿತ್ರೆಯೂ ಊರಿನವರಿಂದಲೇ ಶುರುವಾಗುತ್ತದೆ. 1668ರಲ್ಲಿ ಈ ದ್ವೀಪಗಳು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದವು. ಮುಂದೆ ಗವರ್ನರ್ ಆದ ಜೆರಾಲ್ಡ್ ಆಂಗಿಯರ್ ಇಲ್ಲಿಯ ರಕ್ಷಣೆಗೆ ಭಂಡಾರಿಗಳ ಪಡೆ ಕಟ್ಟಿದ. ಭಂಡಾರಿಗಳೆಂದರೆ ನಮ್ಮ ಕರಾವಳಿಯ ಬಿಲ್ಲವರ ಹಾಗೆ ಮರ ಹತ್ತಿ ಕಳ್ಳು ಇಳಿಸುವ ಕಸುಬಿನವರು. ಊರಿನ ಸಂದುಗೊಂದು, ತೋಟ, ದಂಡೆ ಎಲ್ಲ ಅವರಿಗೆ ಗೊತ್ತು. ಕಾಯುವವನಿಗೆ ಜನರ ಪರಿಚಯ ಇರಬೇಕು ಎನ್ನುವುದು ಆ ಕಾಲದ ಲೆಕ್ಕ.

ಗಿರಣಿಗಳು ಬಂದ ಮೇಲೆ ಈ ಲೆಕ್ಕ ತಪ್ಪಿತು. ಒಬ್ಬರ ಗುರುತು ಒಬ್ಬರಿಗಿಲ್ಲದ ಜನ ಸಾವಿರಗಟ್ಟಲೆ ಬಂದು ತುಂಬಿದರು. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಲಾಲ್‌ಬಾಗಿನಲ್ಲಿ ಬೀಗ ತಯಾರಿಸಲು ತೊಡಗಿದ್ದು ಇಂಥ ಊರಿನಲ್ಲಿ.

ಆ ಜನರ ಜೊತೆಗೆ ನಮ್ಮವರೂ ಬಂದರಲ್ಲ! ಉಡುಪಿ ಹೋಟೆಲುಗಳಲ್ಲಿ ಕೆಲಸಕ್ಕಿದ್ದ ಹುಡುಗರು ರಾತ್ರಿ ಮೇಜು ಜೋಡಿಸಿಕೊಂಡು ಅಲ್ಲಿಯೇ ಮಲಗುತ್ತಿದ್ದರು. ಹೋಟೆಲಿಗೆ ಅವರೇ ಕಾವಲು. ಚಾಳುಗಳಲ್ಲಂತೂ ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಹೊಸಬ ಮೆಟ್ಟಿಲು ಹತ್ತಿದರೆ ಸಾಕು, ‘ಯಾರು ಬೇಕಿತ್ತು?’ ಎಂದು ನಾಲ್ಕು ಕಡೆಯಿಂದ ಕೇಳುತ್ತಿದ್ದರು.

ಈಗಿನ ‘ಸೊಸೈಟಿ’ಯ ಮೂಲದಲ್ಲಿಯೂ ಕನ್ನಡ ನಾಡಿನ ಪಾಲು ಇದೆ. ಸಹಕಾರಿ ತತ್ವದಲ್ಲಿ ಮನೆ ಕಟ್ಟುವ ಸಂಘ ದೇಶದಲ್ಲಿ ಮೊದಲು ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲಿ ಎನ್ನುತ್ತಾರೆ. ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಅದರ ಹಿಂದಿದ್ದವರು ರಾವ್‌ಬಹದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ. ನಮ್ಮ ಉತ್ತರ ಕನ್ನಡ ಕಡೆಯ ಚಿತ್ರಾಪುರ ಸಾರಸ್ವತರು ಪರವೂರಿನಲ್ಲಿ ಒಟ್ಟಿಗೆ ಬಾಳಲು ಕಂಡುಕೊಂಡ ದಾರಿ ಅದು. ಅಂಥ ವಠಾರದಲ್ಲಿ ನೆರೆಮನೆಯವರೇ ಕಾವಲು.

ಸೊಸೈಟಿಗಳು ಹೆಚ್ಚಿದಂತೆ, ನೆರೆಮನೆಯವರ ಹೆಸರು ಬಾಗಿಲ ಮೇಲಿನ ಫಲಕಕ್ಕಷ್ಟೇ ಸೀಮಿತವಾದಂತೆ ವಾಚ್‌ಮನ್ ಬಂದ. ಒಂದು ಕಾಲಕ್ಕೆ ಪಠಾಣ, ಆಮೇಲೆ ನೇಪಾಳದ ಗೂರ್ಖಾ, ಉತ್ತರ ಪ್ರದೇಶದ ಭಯ್ಯಾ. ಎಲ್ಲರೂ ನಮ್ಮ ಹಾಗೆಯೇ ಮನೆ ಬಿಟ್ಟು ಬಂದವರು. ತಮ್ಮ ಮನೆಯನ್ನು ದೇವರಿಗೆ ಒಪ್ಪಿಸಿ ಬೇರೆಯವರ ಮನೆ ಕಾಯುವವರು. ಅವರ ಸಂಬಳ, ಸೌಲಭ್ಯಕ್ಕಾಗಿ ಮಹಾರಾಷ್ಟ್ರ ಸರ್ಕಾರ 1981ರಲ್ಲಿ ಕಾಯಿದೆ ತಂದಿತು. ಖಾಸಗಿ ಭದ್ರತಾ ಏಜೆನ್ಸಿಗಳ ಮೇಲೆ ಕೇಂದ್ರದ ಕಾಯಿದೆ ಬಂದದ್ದು 2005ರಲ್ಲಿ.

ಇನ್ನು ಕ್ಯಾಮರಾದ ಮಾತು. ಮನೆ ಬಾಗಿಲಿಗೆ ಕ್ಯಾಮರಾ ಇಡುವ ಉಪಾಯ ಮಾಡಿದವರಲ್ಲಿ ಮೊದಲಿಗಳು ನ್ಯೂಯಾರ್ಕಿನ ಒಬ್ಬ ನರ್ಸ್, ಮೇರಿ ವ್ಯಾನ್ ಬ್ರಿಟನ್ ಬ್ರೌನ್. ಹೊತ್ತಲ್ಲದ ಹೊತ್ತಿನ ಕೆಲಸ. ಕರೆದರೆ ಪೊಲೀಸರು ಬೇಗ ಬರುವ ನಂಬಿಕೆಯಿಲ್ಲ. ಬಾಗಿಲಲ್ಲಿ ಮೇಲೆ ಕೆಳಗೆ ನಾಲ್ಕು ಕಿಂಡಿ, ಅವುಗಳ ಹಿಂದೆ ಏರಿಳಿಯುವ ಕ್ಯಾಮರಾ, ಮಲಗುವ ಕೋಣೆಯಲ್ಲಿ ಪರದೆ, ಮಾತನಾಡಲು ಮೈಕು. ಗಂಡನೊಡನೆ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು, 1969ರಲ್ಲಿ ಸಿಕ್ಕಿತು.

ಮುಂಬಯಿಗೆ ಕ್ಯಾಮರಾ ಅನಿವಾರ್ಯ ಅನಿಸಿದ್ದು 2008ರ ನವೆಂಬರ್ 26ರ ದಾಳಿಯ ನಂತರ. ಸರ್ಕಾರಿ ಕೆಲಸ ತಾನೆ, ನಗರದ ಬೀದಿಗಳಲ್ಲಿ ಸುಮಾರು 4,700 ಕ್ಯಾಮರಾಗಳ ಜಾಲ ಪೂರ್ತಿಯಾಗುವಾಗ 2016 ಬಂದಿತ್ತು. ಅಷ್ಟರಲ್ಲಿ ಸೊಸೈಟಿಗಳೂ ತಾವೇ ಕ್ಯಾಮರಾ ಹಾಕಿಸತೊಡಗಿದ್ದವು.

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿಯೂ ನಾಲ್ಕು ಇದ್ದವು. 2018ರ ಮಳೆಗಾಲದ ಒಂದು ರಾತ್ರಿ ಎರಡನೇ ಮಹಡಿಯವರ ಮೋಟಾರ್ ಸೈಕಲ್ ಕಳವಾಯಿತು. ಪಕ್ಕದ ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯ ಕೂಲಿಗಳು ಬಂದಿದ್ದರು. ಅವರಲ್ಲಿ ಒಬ್ಬ ಹುಡುಗ ನಮ್ಮ ನಳದಿಂದ ನೀರು ಒಯ್ಯುತ್ತಿದ್ದ. ಸಂಶಯ ನೇರ ಅವನ ಮೇಲೆ. ‘ನಿಮ್ಮ ಕಡೆಯವನೇ, ನೀವೇ ಕೇಳಿ’ ಎಂದು ಮರಾಠಿಯಲ್ಲಿ ನನಗೆ ಹೇಳಿದರು. ಇಪ್ಪತ್ತೈದು ವರ್ಷ ಒಟ್ಟಿಗಿದ್ದ ಮೇಲೆ ಅಂದು ಒಂದೇ ಗಳಿಗೆಯಲ್ಲಿ ನಾನೂ ಹೊರಗಿನವನಾಗಿಬಿಟ್ಟೆ. ಹುಡುಗ ನಡುಗುತ್ತ, ‘ನಾ ಏನೂ ತೊಗೊಂಡಿಲ್ರಿ ಸಾಹೇಬ್ರ’ ಅಂದ.

ಚಿತ್ರ ತೆಗೆದು ನೋಡಿದೆವು. ರಾತ್ರಿ ಎರಡೂ ಹತ್ತಕ್ಕೆ ರೇನ್‌ಕೋಟ್ ತೊಟ್ಟ ಒಂದು ಆಕೃತಿ ಗಾಡಿ ತಳ್ಳಿಕೊಂಡು ಹೋಗುತ್ತದೆ. ಮೇಲಿನಿಂದ ತಲೆ ಮಾತ್ರ ಕಾಣುತ್ತದೆ, ಮುಖವಿಲ್ಲ. ನಂಬರ್ ಪ್ಲೇಟಿನ ಜಾಗದಲ್ಲಿ ಬಿಳಿ ಬೆಳಕಿನ ಮುದ್ದೆ. ಅದು ಯಾರೂ ಆಗಬಹುದು; ಆ ಹುಡುಗನೂ ಆಗಬಹುದು. ಅವನನ್ನು ಉಳಿಸಿದ್ದು ನಮ್ಮ ವಾಚ್‌ಮನ್ನನ ಬಾಯಿಮಾತು. ಆ ಹೊತ್ತಿಗೆ ತಾನು ಹಿಂದಿನ ಗೇಟಿನ ಹತ್ತಿರ ಪಂಪು ನೋಡುತ್ತಿದ್ದೆ, ಶೆಡ್ಡಿಗೆ ನೀರು ನುಗ್ಗಿದ್ದರಿಂದ ಹುಡುಗ ತನ್ನ ಬಳಿಯೇ ಕೂತಿದ್ದ ಎಂದು ಪೊಲೀಸರೆದುರೇ ಹೇಳಿದ. ಗಾಡಿ ಕೊನೆಗೂ ಸಿಗಲಿಲ್ಲ.

ತಮಾಷೆ ನೋಡಿ, ಮುಂದಿನ ಸಭೆಯಲ್ಲಿ ಬಂದ ಸೂಚನೆ: ರಾತ್ರಿಯ ವಾಚ್‌ಮನ್ನನನ್ನು ಬಿಡಿಸಿ ಆ ದುಡ್ಡಿನಲ್ಲಿ ಇನ್ನೂ ಎಂಟು ಕ್ಯಾಮರಾ! ನಾನು ಮತ್ತು ನಾಲ್ಕೈದು ಜನ ಒಪ್ಪಲಿಲ್ಲ. ವಾಚ್‌ಮನ್ ಉಳಿದ. ಕ್ಯಾಮರಾ ಸರಿಯಾಗಿ ಆರಿಸುವ ಕೆಲಸ ನನ್ನ ತಲೆಗೆ ಬಂತು.

ಆಗ ಕಲಿತದ್ದನ್ನು ಊರಿನವರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ಮೊದಲು ಎಷ್ಟು ಕ್ಯಾಮರಾ ಎಂದು ಕೇಳಬೇಡಿ, ಏನನ್ನು ಗುರುತಿಸಬೇಕು ಎಂದು ಕೇಳಿ. 2.8 ಮಿಲಿಮೀಟರ್ ಲೆನ್ಸು ಇಡೀ ಅಂಗಳ ತೋರಿಸುತ್ತದೆ, ಆದರೆ ದೂರದ ನಂಬರ್ ಓದಲಿಕ್ಕಾಗುವುದಿಲ್ಲ. ಗೇಟಿಗೆ 6 ಮಿಲಿಮೀಟರಿನದೋ ಹೊಂದಿಸಿಕೊಳ್ಳಬಹುದಾದ ಲೆನ್ಸೋ ಬೇಕು. ಹೆಡ್‌ಲೈಟ್ ನೇರ ಕಣ್ಣಿಗೆ ಹೊಡೆಯದ ಹಾಗೆ ಓರೆಯಾಗಿ ಕೂರಿಸಬೇಕು. ಮುಖ ಕಾಣಬೇಕಾದಲ್ಲಿ ಏಳೆಂಟು ಅಡಿ ಎತ್ತರ ಸಾಕು. ಮೊದಲ ಮಹಡಿಗೆ ಏರಿಸಿದರೆ ನೆತ್ತಿ ಮಾತ್ರ ಸಿಗುತ್ತದೆ. ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ. ವಾರಕ್ಕೊಮ್ಮೆ ಬಲೆ ಒರೆಸದಿದ್ದರೆ ರಾತ್ರಿಯ ಚಿತ್ರವೆಲ್ಲ ಬಿಳಿ ಎಳೆ.

ಡಿಸ್ಕಿನ ಲೆಕ್ಕವನ್ನು ಅಂಗಡಿಯವನಿಗೆ ಬಿಡಬೇಡಿ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದು ಕ್ಯಾಮರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ಎಂಟು ಕ್ಯಾಮರಾದ ಒಂದು ತಿಂಗಳಿಗೆ 5 ಟಿಬಿ ಮೀರುತ್ತದೆ. ಕರೆಂಟು ಹೋದರೂ ನಡೆಯಲು ಯುಪಿಎಸ್ ಬೇಕು. ಕಂಪೆನಿ ಕೊಟ್ಟ ಪಾಸ್‌ವರ್ಡನ್ನು ಅಂದೇ ಬದಲಾಯಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಹೀಗೆ ಬದಲಾಯಿಸದೆ ಬಿಟ್ಟ ಕ್ಯಾಮರಾಗಳನ್ನೇ ವಶಪಡಿಸಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಿತು. ಕಳ್ಳನನ್ನು ಹಿಡಿಯಲು ಇಟ್ಟದ್ದು ಕಳ್ಳನ ಕೈಗೇ ಸಿಕ್ಕಿದ ಹಾಗೆ. ಗಡಿಯಾರ ಸರಿ ಇದೆಯೇ ಎಂದೂ ಆಗಾಗ ನೋಡಿ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಪ್ರತಿಯ ಜೊತೆ ಪ್ರಮಾಣಪತ್ರವೂ ಬೇಕು.

ಯಾರ ಬಾಗಿಲಿನತ್ತ ಕ್ಯಾಮರಾ ತಿರುಗಿರಬಾರದು ಎಂಬುದೂ ಆಯ್ಕೆಯ ಒಂದು ಭಾಗ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಭೆಯಲ್ಲಿ ಈ ಮಾತು ತೆಗೆದು, ಎದುರು ಫ್ಲ್ಯಾಟಿನ ಹೊಸ್ತಿಲು ಕಾಣುತ್ತಿದ್ದ ಒಂದು ಕ್ಯಾಮರಾವನ್ನು ಮೆಟ್ಟಿಲ ಕಡೆ ತಿರುಗಿಸಿದೆವು.

ಹೊನ್ನಾವರದ ಹತ್ತಿರದ ಮನೆಯಲ್ಲಿ ಅಮ್ಮ ಒಬ್ಬಳೇ. ಅಲ್ಲಿಗೂ ಎರಡು ಕ್ಯಾಮರಾ ಹಾಕಿಸೋಣ ಅಂದಾಗ, ‘ಎಂತಕ್ಕೆ ತಮಾ? ಯಾರು ಬಂದ್ರು, ಹೋದ್ರು ಅಂತ ಫೋನ್ ಮಾಡಿದ್ರೆ ನಾನೇ ಹೇಳ್ತೆ’ ಅಂದಳು. ಬಹಳ ಮಾತಾದ ಮೇಲೆ ಒಂದನ್ನು ದಣಪೆಗೆ, ಒಂದನ್ನು ಅಡಿಕೆ ಒಣಗಿಸುವ ಅಂಗಳಕ್ಕೆ ಒಪ್ಪಿದಳು. ಮನೆಯೊಳಗೆ ಬೇಡ ಅಂದಳು, ಹಾಕಿಸಲಿಲ್ಲ. ಮುಂಬಯಿಯಲ್ಲಿ ಕೂತು ಅಂಗಳ ನೋಡುತ್ತೇನೆ. ಒಳಗೆ ಊಟ ಮಾಡಿದಳೋ ಇಲ್ಲವೋ ಎಂಬುದನ್ನು ತಿಳಿಯಲು ಈಗಲೂ ಫೋನೇ ಮಾಡಬೇಕು. ದಿನಾ ರಾತ್ರಿ ಎಂಟಕ್ಕೆ ಮಾಡುತ್ತೇನೆ.